ಹಡಗು ಮುಳುಗಿದಾಗ ಕ್ಯಾಪ್ಟನ್‌ನ ತಪ್ಪು ಅಳೆಯುವುದು ಹೇಗೆ

ನಮ್ಮ ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನಲ್ಲಿ ಒಮ್ಮೆ ದೋಣಿ ಹತ್ತಿದ್ದೆ. ಜನರ ಜೊತೆ ಮೂರು ಬೈಕು, ಜೋಳದ ಚೀಲ ಬೇರೆ. ನಡುನೀರಲ್ಲಿ ಗಾಳಿ ಎದ್ದು ಒಳಗೆ ನೀರು ನುಗ್ಗಿತು. ಹೇಗೋ ದಡ ಮುಟ್ಟಿದೆವು. ಎಲ್ಲರೂ ಅಂಬಿಗನನ್ನು ಬೈದರು, ನಾನೂ ಬೈದೆ. ರಾತ್ರಿ ಮಲಗಿದಾಗ ಅನಿಸಿತು, ಹತ್ತುವಾಗ ನಾನ್ಯಾಕೆ ಸುಮ್ನಿದ್ದೆ? ಆಮೇಲಿಂದ ಹಡಗು ದುರಂತದ ಸುದ್ದಿ ಓದಿದಾಗೆಲ್ಲ ಹೀಗೆ ಲೆಕ್ಕ ಹಾಕುತ್ತೇನೆ.

ಮೊದಲು ಎರಡು ಪ್ರಶ್ನೆ ಬೇರೆ ಮಾಡಿ. ಅಪಾಯ ಬಂದದ್ದು ಯಾಕೆ? ಬಂದ ಮೇಲೆ ಕ್ಯಾಪ್ಟನ್ ಏನು ಮಾಡಿದ? 1912ರಲ್ಲಿ ಟೈಟಾನಿಕ್‌ನ ಕ್ಯಾಪ್ಟನ್ ಸ್ಮಿತ್ ಹಡಗಿನ ಜೊತೆಗೇ ಸತ್ತರು. ಮಂಜುಗಡ್ಡೆ ಇದೆ ಎಂಬ ಎಚ್ಚರಿಕೆ ಬಂದರೂ ವೇಗ ಇಳಿಸಲಿಲ್ಲ ಎಂಬ ಪ್ರಶ್ನೆ ಅದರಿಂದ ಅಳಿಸುವುದಿಲ್ಲ. ಆದರೆ ಸುಮಾರು 2,200 ಜನರಿಗೆ 1,178 ಜನ ಹಿಡಿಯುವಷ್ಟೇ ಲೈಫ್‌ಬೋಟ್ ಇತ್ತಲ್ಲ, ಅದು ಅವರ ತಪ್ಪಲ್ಲ. ಆಗಿನ ಬ್ರಿಟಿಷ್ ಕಾನೂನೇ ಅಷ್ಟು ಸಾಕು ಅಂದಿತ್ತು.

ಆಮೇಲೆ ಗಡಿಯಾರ ನೋಡಿ. ಇದು ಎಲ್ಲಕ್ಕಿಂತ ಮುಖ್ಯ. ಒಂದು ವಿಮಾನದ ಉದಾಹರಣೆ ಕೊಡುತ್ತೇನೆ. 2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹಕ್ಕಿ ಬಡಿದು ಎರಡೂ ಎಂಜಿನ್ ಕೆಟ್ಟಾಗ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ವಿಮಾನವನ್ನು ಹಡ್ಸನ್ ನದಿಗೆ ಇಳಿಸಿದರು. 155 ಜನರೂ ಉಳಿದರು. ಒಳಗೆ ಯಾರಾದರೂ ಇದ್ದಾರಾ ಎಂದು ಎರಡು ಸಲ ನೋಡಿಯೇ ಅವರು ಹೊರಬಂದದ್ದು. ತನಿಖೆಯವರು ಸಿಮ್ಯುಲೇಟರಿನಲ್ಲಿ (ವಿಮಾನ ಹಾರಿಸಿದಂತೆಯೇ ಅನುಭವ ಕೊಡುವ ಯಂತ್ರ) ಪರೀಕ್ಷಿಸಿದಾಗ, ಹಕ್ಕಿ ಬಡಿದ ಕೂಡಲೇ ವಾಪಸ್ ತಿರುಗಿದ ಪೈಲಟ್‌ಗಳಲ್ಲಿ ಕೆಲವರು ರನ್‌ವೇ ಮುಟ್ಟಿದರು. ಯೋಚಿಸಲು 35 ಸೆಕೆಂಡ್ ಸೇರಿಸಿ ನೋಡಿದಾಗ ಆಗಲಿಲ್ಲ. ಮನೆಯಲ್ಲಿ ಕೂತು ತೀರ್ಪು ಹೇಳುವಾಗ ನಾವು ಬಿಡುವುದು ಆ 35 ಸೆಕೆಂಡನ್ನೇ, ಅಲ್ವಾ? ಈಗ ಇಟಲಿಯ ಕೋಸ್ಟಾ ಕಾಂಕೋರ್ಡಿಯಾ ಹಡಗು ನೋಡಿ. 2012ರ ಜನವರಿ 13ರಂದು ಜಿಲಿಯೋ ದ್ವೀಪದ ತೀರಾ ಹತ್ತಿರ ಹೋಗಿ ಬಂಡೆಗೆ ಬಡಿಯಿತು. ಕರೆಂಟ್ ಹೋಗಿದೆ ಅಷ್ಟೇ ಎಂದು ಜನರಿಗೆ ಹೇಳಿದರು. ಹಡಗು ಬಿಡಿ ಎಂಬ ಆದೇಶ ಬರಲು ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಕ್ಯಾಪ್ಟನ್ ಸ್ಕೆಟ್ಟಿನೊ ಜನ ಇನ್ನೂ ಒಳಗಿರುವಾಗಲೇ ಇಳಿದುಬಿಟ್ಟ, ಕರಾವಳಿ ಕಾವಲಿನ ಅಧಿಕಾರಿ ಫೋನಿನಲ್ಲಿ ಕೂಗಿ ಹೇಳಿದರೂ ಹಡಗಿಗೆ ಮರಳಲಿಲ್ಲ. 32 ಜನ ಸತ್ತರು, ಅವನಿಗೆ 16 ವರ್ಷ ಜೈಲಾಯಿತು. ಗಾಬರಿಗೆ ನಾನು ರಿಯಾಯಿತಿ ಕೊಡುತ್ತೇನೆ, ಆದರೆ ಒಂದು ಗಂಟೆ ಗಾಬರಿಯಲ್ಲ.

ಎಲ್ಲರೂ ಬದುಕಿದರು ಎಂದು ಕ್ಯಾಪ್ಟನ್‌ನನ್ನು ಸುಮ್ನೆ ಬಿಡಬೇಡಿ. 1991ರಲ್ಲಿ ದಕ್ಷಿಣ ಆಫ್ರಿಕಾದ ಹತ್ತಿರ ಓಷಿಯಾನೋಸ್ ಮುಳುಗುವಾಗ ಕ್ಯಾಪ್ಟನ್ ಹೆಲಿಕಾಪ್ಟರ್ ಹತ್ತಿ ಹೋದ. ಹಡಗಿನಲ್ಲಿ ಹಾಡಿ ರಂಜಿಸಲು ಬಂದ ಕಲಾವಿದರು ರೇಡಿಯೋ ಹಿಡಿದು ಜನರನ್ನು ಉಳಿಸಿದರು. 571 ಜನರಲ್ಲಿ ಒಬ್ಬರೂ ಸಾಯಲಿಲ್ಲ, ಆದರೂ ಅವನ ಕೆಲಸವನ್ನು ಬೇರೆಯವರು ಮಾಡಬೇಕಾಯಿತು.

ಕೊನೆಗೆ, ಹಡಗಿನಲ್ಲಿ ಭಾರ ಹೇರಿದವರು ಯಾರು ಅಂತ ಕೇಳಿ. 2014ರ ಏಪ್ರಿಲ್ 16ರಂದು ದಕ್ಷಿಣ ಕೊರಿಯಾದ ಸೆವೊಲ್ ಮುಳುಗಿ 304 ಜನ ಸತ್ತರು, ಹೆಚ್ಚಿನವರು ಶಾಲೆಯ ಮಕ್ಕಳು. ಇದ್ದಲ್ಲೇ ಇರಿ ಎಂದು ಅವರಿಗೆ ಹೇಳಿ ಕ್ಯಾಪ್ಟನ್ ಹೊರಬಂದ. ಅವನಿಗೆ ಜೀವಾವಧಿ ಶಿಕ್ಷೆ ಆದದ್ದು ಸರಿಯೇ. ಆದರೆ ಮಿತಿ ಮೀರಿ ಸರಕು ತುಂಬಿಸಿದ್ದ ಕಂಪನಿಯ ಮುಖ್ಯಸ್ಥನಿಗೂ ಶಿಕ್ಷೆಯಾಯಿತು.

ಆ ಅಂಬಿಗನನ್ನು ಮರುವಾರ ಕೇಳಿದ್ದೆ, ಅಷ್ಟು ಯಾಕೆ ಹೇರಿದಿರಿ ಅಂತ. "ಎರಡ್ ಸಲ ಹೋದ್ರ ಡೀಸೆಲ್ ರೊಕ್ಕ ಯಾರ್ ಕೊಡ್ತಾರ್ರೀ ಸರ?" ಅಂದರು. ಅವರ ತಪ್ಪು ಹೋಗಲಿಲ್ಲ, ಆದರೆ ಅದರಲ್ಲಿ ನಮ್ಮ ಪಾಲೂ ಕಂಡಿತು. ನೀವೂ ಹತ್ತುವ ಮೊದಲು ಲೈಫ್ ಜಾಕೆಟ್ ಕೇಳಿ, ತಲೆ ಎಣಿಸಿ, ಬೈಕು ಇನ್ನೊಂದು ಸಲಕ್ಕೆ ಬರಲಿ ಎಂದು ದಡದಲ್ಲೇ ಹೇಳಿ, ಆ ಸಲದ ದುಡ್ಡನ್ನು ಎಲ್ಲರೂ ಹಂಚಿಕೊಂಡು ಕೊಡಿ.