ಅಡಿಕೆ ಸುಲಿಯುವ ಅಂಗಳದಲ್ಲಿ ಆಗಮನ ಕಾಲ

ನಮ್ಮ ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್) ಒಂದು ವಾರ್ಡಿಗೆ ನಾನು ಗುರ್ಕಾರಳಾದದ್ದು 2021ರಲ್ಲಿ. ಗುರ್ಕಾರಿಕೆ ಎಂದರೆ ದೊಡ್ಡ ಅಧಿಕಾರವೇನಲ್ಲ. 34 ಮನೆಗಳ ಹೆಸರಿರುವ ಒಂದು ಹಳೆಯ ನೋಟ್‌ಬುಕ್ ಕೈಗೆ ಬರುತ್ತದೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಬಾಣಂತನ, ಯಾರು ಚರ್ಚಿನ ಕಡೆ ತಲೆಹಾಕದೆ ಎಷ್ಟು ತಿಂಗಳಾಯಿತು ಎಂದು ಫಾದರ್‌ಗೆ ತಿಳಿಸಬೇಕು. ತಿಂಗಳಿಗೊಮ್ಮೆ ವಾರ್ಡಿನ ಪ್ರಾರ್ಥನಾ ಕೂಟ ನಡೆಸಬೇಕು, ವಂತಿಗೆ ಎತ್ತಬೇಕು. ಎರಡೂ ಕಡೆಯ ಬೈಗುಳ ತಿನ್ನುವುದು ನೋಟ್‌ಬುಕ್ಕಿನಲ್ಲಿ ಬರೆದಿರದ ಕೆಲಸ.

ನಮ್ಮದು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಕಡೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗ ನನ್ನ ಅಜ್ಜ ಉಡುಪಿ ಕಡೆಯಿಂದ ಕೂಲಿಗೆ ಬಂದವರು. 1964ರಲ್ಲಿ ಅಣೆಕಟ್ಟು ಮುಗಿಯಿತು, ಅಜ್ಜ ಹಿಂತಿರುಗಲಿಲ್ಲ. ವಾರ್ಡಿನ ಅರ್ಧ ಮನೆಗಳ ಕಥೆ ಹೀಗೆಯೇ. ಕೊಂಕಣಿ ಮಾತನಾಡುವವರು ಹೆಚ್ಚು. ತಮಿಳಿನವರು ಹತ್ತು ಮನೆ, ಮಲಯಾಳದವರು ಎರಡು. ಎಲ್ಲರಿಗೂ ಸಲ್ಲುವ ಭಾಷೆ ಕನ್ನಡವೇ. ಹಿಂದೆ ವಾರ್ಡಿನ ಕೂಟ ಕೊಂಕಣಿಯಲ್ಲಿ ನಡೆಯುತ್ತಿತ್ತು. ತಮಿಳು ಮನೆಗಳವರು ಬಂದು ಮೂಲೆಯಲ್ಲಿ ಕುಳಿತು ಚಹಾ ಕುಡಿದು ಹೋಗುತ್ತಿದ್ದರು. ನಾನು ಮೊದಲು ಮಾಡಿದ ಬದಲಾವಣೆ ಅದನ್ನು ಕನ್ನಡಕ್ಕೆ ತಂದದ್ದು. ಅದಕ್ಕೆ ನನ್ನ ಸೋದರತ್ತೆಯೇ ಎರಡು ತಿಂಗಳು ಮಾತು ಬಿಟ್ಟಿದ್ದರು.

ಮೊದಲ ವರ್ಷ ನಾನು ಮುಗ್ಗರಿಸಿದ್ದು ಆಗಮನ ಕಾಲದ ಸಿದ್ಧತೆಯಲ್ಲಿ. ಕ್ರಿಸ್ಮಸ್‌ಗೆ ಮೊದಲು ಬರುವ ನಾಲ್ಕು ಭಾನುವಾರಗಳ ಕಾಲವಿದು. ನವೆಂಬರ್ 30ರ ಸಂತ ಅಂದ್ರೆಯರ ಹಬ್ಬಕ್ಕೆ ಅತಿ ಹತ್ತಿರದ ಭಾನುವಾರ ಆರಂಭವಾಗುತ್ತದೆ. ಅಂದರೆ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ. ಚರ್ಚಿನ ಹೊಸ ವರ್ಷ ಹುಟ್ಟುವುದೂ ಅಂದೇ. ಅದಕ್ಕೆ ಮುಂಚಿನ ವಾರಗಳಲ್ಲಿ ಮನೆಮನೆಯ ಪ್ರಾರ್ಥನೆ, ಪಾಪನಿವೇದನೆಗೆ ಜನರನ್ನು ಅಣಿಗೊಳಿಸುವುದು, ಬಡವರಿಗಾಗಿ ಸಂಗ್ರಹ ಎಲ್ಲವೂ ನಡೆಯಬೇಕು. ನಾನು ನಾಲ್ಕು ಸಂಜೆಗಳನ್ನು ಗೊತ್ತುಮಾಡಿ, ಏಳು ಗಂಟೆಗೆ ಎಂದು ಚೀಟಿ ಬರೆದು ಹಂಚಿದೆ. ಮೊದಲ ಸಂಜೆ ಏಳು ಜನ ಬಂದರು. ಎರಡನೆಯ ಸಂಜೆ ನಾಲ್ಕು. ಮೂರನೆಯದಕ್ಕೆ ಬಂದವರು ನಾನು ಮತ್ತು ಆ ಮನೆಯ ಯಜಮಾನಿ. ಆಕೆಯೂ ನಡುವೆ ಎದ್ದು ದನ ಕಟ್ಟಲು ಹೋದರು.

ಭಕ್ತಿ ಕಡಿಮೆಯಾಗಿದೆ ಎಂದು ಪಾಲನಾ ಸಮಿತಿಯಲ್ಲಿ ಒಬ್ಬರು ಭಾಷಣ ಮಾಡಿದರು. ನನಗೆ ಒಪ್ಪಿಗೆಯಾಗಲಿಲ್ಲ. ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಸಿಮೆಟ್ರಿಯ ತುಂಬ ಇದೇ ಜನ ನಿಂತಿದ್ದರು. ಅದಕ್ಕೂ ಮೊದಲಿನ ಭಾನುವಾರ ಮಳೆಗಾಲದ ಎದೆಯೆತ್ತರದ ಹುಲ್ಲನ್ನು ಸವರಿ, ಗೋರಿಗಳಿಗೆ ಸುಣ್ಣ ಹೊಡೆದು, ಇಂಬಳ (ಜಿಗಣೆ) ಹತ್ತಿದ ಕಾಲನ್ನು ಉಜ್ಜಿಕೊಂಡು ನಗುತ್ತ ಮನೆಗೆ ಹೋದವರೂ ಇವರೇ. ಭಕ್ತಿ ಮೂರೇ ವಾರದಲ್ಲಿ ಆರಿಹೋಗುವುದಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ನಮ್ಮ ಕಡೆ ಅಡಿಕೆಯ ಕೊನೆ (ಗೊನೆ) ಕೊಯ್ಲು ಜೋರಾಗುವುದು ಇದೇ ವಾರಗಳಲ್ಲಿ. ಕೊಯ್ದ ಹಸಿ ಅಡಿಕೆಯನ್ನು ಹೆಚ್ಚು ದಿನ ಗುಡ್ಡೆ ಹಾಕಿ ಇಡುವಂತಿಲ್ಲ. ಹಗಲು ಕೊನೆಗೌಡ ಮರವೇರಿ ಇಳಿಸಿದ್ದನ್ನು ರಾತ್ರಿ ಹೆಂಗಸರು ಮಣೆಗೆ ಕೂರಿಸಿದ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯಬೇಕು, ಮರುದಿನ ಅದು ಚೊಗರಿನ (ಅಡಿಕೆ ಬೇಯಿಸಿದ ಕೆಂಪು ರಸ) ಹಂಡೆಯಲ್ಲಿ ಬೇಯಬೇಕು, ಆಮೇಲೆ ಬಿಸಿಲಿಗೆ ಹರಡಬೇಕು. ನನ್ನ ವಾರ್ಡಿನಲ್ಲಿ ಸ್ವಂತ ತೋಟ ಇರುವವರು ಕೆಲವರೇ. ಉಳಿದ ಮನೆಗಳ ಹೆಂಗಸರು ಸಂಜೆ ಆರಕ್ಕೆ ಬೇರೆಯವರ ಅಂಗಳದಲ್ಲಿ ಕುಳಿತರೆ ಏಳುವುದು ರಾತ್ರಿ ಹನ್ನೊಂದಕ್ಕೆ. ಸುಲಿದಷ್ಟಕ್ಕೆ ಕೂಲಿ. ವರ್ಷದ ನಾಲ್ಕು ಕಾಸು ಕಾಣುವುದು ಈ ಎರಡು ತಿಂಗಳಲ್ಲೇ. ಮಕ್ಕಳಿಗೆ ಕ್ರಿಸ್ಮಸ್ ಬಟ್ಟೆ ಬರುವುದೂ ಅದರಿಂದಲೇ. ಪಂಚಾಂಗ ಮಾಡಿದವರು ರೋಮಿನವರು, ಅಡಿಕೆ ನೆಟ್ಟವರು ಸಾಗರದವರು. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ಮುಂದಿನ ವರ್ಷ, 2022ರಲ್ಲಿ, ಆಗಮನ ಕಾಲ ಇನ್ನೂ ಬೇಗ ಬಂತು. ಮೊದಲ ಭಾನುವಾರ ನವೆಂಬರ್ 27. ಅದಕ್ಕಿಂತ ಮುಂಚೆ ಬರಲು ಸಾಧ್ಯವೇ ಇಲ್ಲ. ಚರ್ಚಿನ ವರ್ಷದ ಕೊನೆಯ ಭಾನುವಾರವಾದ ಕ್ರಿಸ್ತರಾಜರ ಹಬ್ಬ ನವೆಂಬರ್ 20ಕ್ಕೆ. ಕೂಟವನ್ನು ಅಂಗಳಕ್ಕೇ ಒಯ್ದರೆ ಹೇಗೆ ಎಂದು ಫಾದರ್‌ರನ್ನು ಕೇಳಿದೆ. "ಅಂಗಳ ನಿಮ್ಮದಲ್ಲವಲ್ಲ, ಯಜಮಾನರನ್ನು ಕೇಳಿದಿರಾ?" ಎಂದರು. ಕೇಳಿರಲಿಲ್ಲ.

ನಮ್ಮವರು ಹೆಚ್ಚಾಗಿ ಸುಲಿಯಲು ಹೋಗುತ್ತಿದ್ದ ತೋಟದ ಯಜಮಾನರು ಹವ್ಯಕರು, ವಯಸ್ಸಾದವರು. ಹೋಗಿ ಜಗಲಿಯಲ್ಲಿ ಕುಳಿತೆ. ಹೇಳಬೇಕಾದದ್ದನ್ನು ಬಿಟ್ಟು ಅರ್ಧ ಗಂಟೆ ಅಡಿಕೆಯ ಧಾರಣೆಯ ಬಗ್ಗೆ ಮಾತನಾಡಿದೆ. ಕೊನೆಗೆ ವಿಷಯ ಹೇಳಿದಾಗ ಅವರು ಸ್ವಲ್ಪ ಹೊತ್ತು ಕವಳ ಅಗಿದು, "ಪ್ರಾರ್ಥನೆ ಮಾಡಿ ಬಾಯಮ್ಮ, ಕತ್ತಿ ನಿಲ್ಲಬಾರದು ಅಷ್ಟೇ" ಎಂದರು. ನಾನೂ ನನ್ನ ಕಡೆಯಿಂದ ಎರಡು ಮಾತು ಕೊಟ್ಟೆ: ಇಪ್ಪತ್ತು ನಿಮಿಷ ಮೀರುವುದಿಲ್ಲ, ನಮ್ಮವರಲ್ಲದ ಹೆಂಗಸರನ್ನು ಇದರಲ್ಲಿ ಸೇರಿಸಿಕೊಳ್ಳುವುದಿಲ್ಲ. ಎರಡನೆಯದು ಮುಖ್ಯ. ಕೂಲಿಗೆ ಕುಳಿತವರು ಎದ್ದು ಹೋಗಲಾರರು. ಕೇಳಲು ಇಷ್ಟವಿಲ್ಲದವರ ಕಿವಿಗೆ ಪ್ರಾರ್ಥನೆ ಸುರಿಯುವುದು ಸರಿಯಲ್ಲ. ತಪ್ಪು ತಿಳಿಯುವವರು ಊರಿನಲ್ಲಿ ಇದ್ದೇ ಇರುತ್ತಾರೆ, ಅದು ಬೇರೆ ಮಾತು. ಹಾಗಾಗಿ ನಮ್ಮವರು ಚಪ್ಪರದ ಒಂದು ಬದಿಗೆ ಸೇರಿ ಕುಳಿತರು.

ಅಂಗಳದಲ್ಲಿ ಕೂಟ ನಡೆಸಿ ನೋಡಿದ ಮೇಲೆ ನನಗೆ ಗೊತ್ತಾದದ್ದು, ನಮ್ಮ ಪ್ರಾರ್ಥನೆಯ ಬಹುಪಾಲು ಕೈ ಖಾಲಿ ಇರುವವರಿಗಾಗಿ ಮಾಡಿದ್ದು ಎಂದು. ಪುಸ್ತಕ ಹಿಡಿಯುವಂತಿಲ್ಲ. ಏಳುವಂತಿಲ್ಲ, ಮೊಣಕಾಲೂರುವಂತಿಲ್ಲ, ಮೆಟ್ಟುಗತ್ತಿಯ ಮಣೆಯನ್ನು ಒತ್ತಿ ಹಿಡಿದಿರಬೇಕು. ಕಣ್ಣು ಮುಚ್ಚಿದರೆ ಬೆರಳು ಹೋಗುತ್ತದೆ. ಜಪಸರ ಹಿಡಿಯಲಾಗದು. ಒಬ್ಬ ಹುಡುಗಿ ಸುಲಿದ ಅಡಿಕೆಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ ಎಂದಳು. ಒಂದು 'ನಮೋ ಮರಿಯೆ' ಜಪ ಹೇಳುವಷ್ಟರಲ್ಲಿ ಕೈಪಳಗಿದವರು ನಾಲ್ಕೈದು ಸುಲಿಯುತ್ತಾರೆ. ಒಂದಕ್ಕೊಂದು ಎಂದರೆ ಯಜಮಾನರು ದಿವಾಳಿ. ಕೊನೆಗೆ ಆ ಹುಡುಗಿಯೇ ಪ್ರತಿ ಜಪಕ್ಕೆ ಒಂದು ಅಡಿಕೆಯನ್ನು ಪಕ್ಕಕ್ಕೆ ಎತ್ತಿಡುತ್ತ ಹೋದಳು. ಹತ್ತಾದ ಕೂಡಲೇ, ಅಂದರೆ ಜಪಸರದ ಒಂದು ಭಾಗ ಮುಗಿದ ಕೂಡಲೇ, ಕೆಮ್ಮುತ್ತಿದ್ದಳು.

ಮುಂದಿನ ಭಾನುವಾರದ ಶುಭಸಂದೇಶವನ್ನು ನಾನು ಜೋರಾಗಿ ಓದುವುದು, ಅದರ ಮೇಲೆ ಯಾರಿಗೆ ಏನು ತೋಚುತ್ತದೋ ಅದನ್ನು ಹೇಳುವುದು ಎಂದು ಗೊತ್ತಾಯಿತು. ಆಗಮನ ಕಾಲದ ಮೊದಲ ಭಾನುವಾರದ ವಾಚನ ಮೂರು ವರ್ಷಗಳ ಸರದಿಯಲ್ಲಿ ಮತ್ತಾಯ, ಮಾರ್ಕ, ಲೂಕ ಎಂದು ಬದಲಾಗುತ್ತದೆ. ಹೇಳುವುದು ಮಾತ್ರ ಒಂದೇ, ಎಚ್ಚರವಾಗಿರಿ. ರಾತ್ರಿ ಹತ್ತು ಗಂಟೆಗೆ ತೂಕಡಿಕೆ ತಡೆಯಲು ಬಾಯಲ್ಲಿ ಶುಂಠಿ ಇಟ್ಟುಕೊಂಡು ಕುಳಿತವರಿಗೆ ಇದನ್ನು ವಿವರಿಸುವ ಕಷ್ಟ ನನಗೆ ಬರಲಿಲ್ಲ. ಆ ವರ್ಷ ಮತ್ತಾಯನ ಸರದಿ, 24ನೇ ಅಧ್ಯಾಯ. ಇಬ್ಬರು ಹೆಂಗಸರು ಬೀಸುವ ಕಲ್ಲಿನ ಮುಂದೆ ಕುಳಿತಿರುತ್ತಾರೆ, ಒಬ್ಬಳನ್ನು ಕರೆದೊಯ್ಯಲಾಗುತ್ತದೆ, ಇನ್ನೊಬ್ಬಳನ್ನು ಬಿಡಲಾಗುತ್ತದೆ ಎಂಬ ಮಾತು ಅದರಲ್ಲಿದೆ. ಓದಿ ಮುಗಿಸಿದೆ. ಕತ್ತಿಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ವಾರ್ಡಿನಲ್ಲೇ ಹಿರಿಯರಾದ ಅಜ್ಜಿಯೊಬ್ಬರು ತಲೆಯೆತ್ತದೆ ಕೇಳಿದರು: "ಒಬ್ಬಳನ್ನು ಕರೆದುಕೊಂಡು ಹೋದರೆ ಅವಳ ಪಾಲಿನದ್ದನ್ನು ಬೀಸುವವರು ಯಾರು?"

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಅವರ ಜೊತೆ ಮೂವತ್ತು ವರ್ಷ ಒಂದೇ ಚಪ್ಪರದಡಿ ಸುಲಿಯಲು ಕೂರುತ್ತಿದ್ದ ಗೆಳತಿ ಅದೇ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು ಎಂಬುದು ನನಗೆ ಆಮೇಲೆ ನೆನಪಾಯಿತು. ಫಾದರ್‌ಗೆ ಹೇಳಿದೆ. ಅವರು ಭಾನುವಾರದ ಪ್ರಸಂಗದಲ್ಲಿ ಅದೇ ಪ್ರಶ್ನೆಯನ್ನು ಎತ್ತಿಕೊಂಡು, ಕರೆದೊಯ್ಯಲ್ಪಟ್ಟವಳ ಬಗ್ಗೆ ಬಿಟ್ಟು ಉಳಿದವಳ ಬಗ್ಗೆ ಮಾತನಾಡಿದರು. ನಾನು ಕೇಳಿದ ಅವರ ಪ್ರಸಂಗಗಳಲ್ಲಿ ಅದೇ ಚಿಕ್ಕದು, ಅದೇ ಒಳ್ಳೆಯದು. ತನ್ನ ಹೆಸರು ಹೇಳಲಿಲ್ಲ ಎಂದು ಅಜ್ಜಿಗೆ ಸಿಟ್ಟು ಬಂದಿತ್ತು.

ಇನ್ನೊಂದು ವಿಷಯ ಅಂಗಳಕ್ಕೆ ಹೋಗದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಹಸಿ ಅಡಿಕೆ ಸುಲಿದವರ ಬೆರಳು ಕಪ್ಪಾಗುತ್ತದೆ. ಸೋಪಿಗೂ ನಿಂಬೆಗೂ ಜಗ್ಗುವುದಿಲ್ಲ. ಕೊರೋನಾ ಬಂದ ಮೇಲೆ ಪರಮಪ್ರಸಾದವನ್ನು (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಎಲ್ಲರೂ ನಾಲಿಗೆಯ ಬದಲು ಕೈಯಲ್ಲಿ ಸ್ವೀಕರಿಸಬೇಕಾಗಿತ್ತು. ಆ ಕೈ ಚಾಚಲು ನಾಚಿ ಇಬ್ಬರು ಹೆಂಗಸರು ಕೊಯ್ಲು ಮುಗಿಯುವವರೆಗೆ ಪ್ರಸಾದ ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದರು. ಫಾದರ್ ಇದನ್ನು ಕೇಳಿ ಪ್ರಕಟಣೆಯನ್ನೇನೂ ಹೊರಡಿಸಲಿಲ್ಲ. ಒಂದು ಸೋಮವಾರ ಅಂಗಳಕ್ಕೆ ಬಂದು ತಾವೂ ಕತ್ತಿಯ ಮುಂದೆ ಕುಳಿತರು. ಸುಲಿದದ್ದಕ್ಕಿಂತ ಹೋಳು ಮಾಡಿದ್ದೇ ಹೆಚ್ಚು. ಯಜಮಾನರು ಸಂಕೋಚದಿಂದ ಕಷಾಯ ಕೊಟ್ಟು ಎಬ್ಬಿಸಿದರು. ಮುಂದಿನ ಭಾನುವಾರ ಪ್ರಸಾದ ಕೊಡುವ ಅವರ ಬೆರಳುಗಳೂ ಕಪ್ಪಾಗಿದ್ದವು.

ಆಗಮನ ಚಕ್ರದ ಕಥೆಯನ್ನೂ ಹೇಳಬೇಕು, ಏಕೆಂದರೆ ಅದರಲ್ಲಿ ತಪ್ಪು ಪೂರ್ತಿ ನನ್ನದು. ಹಸಿರಿನ ಬಳೆಯಲ್ಲಿ ನಾಲ್ಕು ಮೇಣದಬತ್ತಿಗಳು; ಮೂರು ನೇರಳೆ, ಒಂದು ಗುಲಾಬಿ. ವಾರಕ್ಕೊಂದರಂತೆ ಹೊತ್ತಿಸುತ್ತ ಹೋಗುವುದು, ಗುಲಾಬಿಯದು ಮೂರನೆಯ ಭಾನುವಾರಕ್ಕೆ. ಇದು ಬಹಳ ಹಳೆಯ ಪದ್ಧತಿಯೇನಲ್ಲ, ಕಥೋಲಿಕರು ಶುರುಮಾಡಿದ್ದೂ ಅಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ವಿಖರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ, ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಎಂದು ಪೀಡಿಸುತ್ತಿದ್ದ ಮಕ್ಕಳಿಗಾಗಿ ಗಾಡಿಯ ಚಕ್ರದ ಮೇಲೆ ದಿನಕ್ಕೊಂದರಂತೆ ಬತ್ತಿ ಹಚ್ಚಿಸಿದರು. ಇದನ್ನು ಧರ್ಮೋಪದೇಶದ ತರಗತಿಯಲ್ಲಿ ಹೇಳಿದ್ದೇ ತಡ, ಒಬ್ಬ ಹುಡುಗ ಹಿತ್ತಿಲಲ್ಲಿ ಬಿದ್ದಿದ್ದ ಎತ್ತಿನಗಾಡಿಯ ಗಾಲಿಯನ್ನು ಉರುಳಿಸಿಕೊಂಡೇ ಬಂದ. ಇಂದಿಗೂ ನಮ್ಮ ಚಕ್ರದ ಅಡಿಯಲ್ಲಿರುವುದು ಅದೇ ಗಾಲಿ.

ಹಸಿರಿಗೆ ಏನು ಮಾಡುವುದು? ಚಿತ್ರಗಳಲ್ಲಿ ಕಾಣುವ ಸೂಜಿಯೆಲೆಯ ಮರ ನಮ್ಮಲ್ಲಿಲ್ಲ. ನಾನು ಗಾಳಿಮರದ ಸೊಪ್ಪು ಕಟ್ಟಿದೆ. ನೋಡಲು ಬಲು ಚೆಂದ. ಎರಡು ವಾರಕ್ಕೆ ಒಣಗಿ ಪುಡಿಯಾಗತೊಡಗಿತು. ಮೂರನೆಯ ಭಾನುವಾರ ಬಾಗಿಲಿನಿಂದ ಬೀಸಿದ ಗಾಳಿಗೆ ಬತ್ತಿಯ ಕುಡಿ ಬಾಗಿ ಭಗ್ಗೆಂದು ಹತ್ತಿಕೊಂಡಿತು. ಪೀಠಬಾಲಕನೊಬ್ಬ ತೀರ್ಥದ ಪಾತ್ರೆಯನ್ನೇ ಎತ್ತಿ ಸುರಿದ. ಅಂದಿನಿಂದ ಮಾವಿನ ಎಲೆ. ಬಾಡಿದರೂ ಆಕಾರ ಬಿಡುವುದಿಲ್ಲ, ಎಲ್ಲ ಮನೆಯಲ್ಲೂ ಸಿಗುತ್ತದೆ. ಪ್ರತಿ ಶನಿವಾರ ಹಳೆಯದನ್ನು ಪೂರ್ತಿ ತೆಗೆದು ಹೊಸದನ್ನು ಕಟ್ಟುತ್ತೇವೆ. ನಾಲ್ಕು ವಾರ್ಡು, ನಾಲ್ಕು ಶನಿವಾರ. ಜಗಳಕ್ಕೆ ಎಡೆಯಿಲ್ಲ ಎಂದುಕೊಂಡಿದ್ದೆ. ಗುಲಾಬಿ ಬತ್ತಿಯ ವಾರ ತಮಗೆ ಬೇಕೆಂದು ಎರಡು ವಾರ್ಡಿನವರು ಪ್ರತಿವರ್ಷ ಕಿತ್ತಾಡುತ್ತಾರೆ.

ಮಕ್ಕಳಿಗೆ ಬೇರೆ ಕೆಲಸ. ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ತೊಟ್ಟಿಲನ್ನು ಖಾಲಿ ಇಟ್ಟು, ಒಂದು ಒಳ್ಳೆಯ ಕೆಲಸಕ್ಕೆ ಒಂದು ಎಳೆ ಹುಲ್ಲು ಹಾಕಬೇಕು ಎಂದು ಹೇಳಿದ್ದೆವು. ಹೊಸ ಭತ್ತದ ಹುಲ್ಲು ಆಗಷ್ಟೇ ಗದ್ದೆಯಿಂದ ಬಂದಿರುತ್ತದೆ. ಒಬ್ಬ ಹುಡುಗ ಇಡೀ ಒಂದು ಕಟ್ಟು ತಂದು ತುರುಕಿದ. ಏನು ಮಾಡಿದೆಯಪ್ಪ ಇಷ್ಟೊಂದು ಎಂದರೆ, "ಮುಂದಿನ ವರ್ಷದ್ದೂ ಸೇರಿಸಿದ್ದೇನೆ" ಎಂದ.

ದೊಡ್ಡವರಿಗೆ ಹಿಡಿ ಅಕ್ಕಿ. ಅನ್ನಕ್ಕೆ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಡಬ್ಬಕ್ಕೆ ಹಾಕುವುದು, ನಾಲ್ಕನೆಯ ಭಾನುವಾರ ಚರ್ಚಿಗೆ ತರುವುದು. ಹಣದ ವಂತಿಗೆಗಿಂತ ಇದು ನನಗೆ ಇಷ್ಟ. ಹಣವಾದರೆ ಯಾರು ಎಷ್ಟು ಕೊಟ್ಟರು ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಅಕ್ಕಿ ಒಂದೇ ಚೀಲಕ್ಕೆ ಬಿದ್ದ ಮೇಲೆ ಸೋನಾಮಸೂರಿಯೂ ರೇಷನ್ ಅಕ್ಕಿಯೂ ಬೆರೆತುಹೋಗುತ್ತವೆ. ತೆಗೆದುಕೊಂಡವರು ಮಾತ್ರ ಇದನ್ನು ಬೇಯಿಸುವುದು ಕಷ್ಟ ಎಂದು ದೂರಿದರು, ಒಂದು ಬೆಂದರೆ ಇನ್ನೊಂದು ಬೇಯುವುದಿಲ್ಲ. ನ್ಯಾಯವಾದ ದೂರು. ಈಗ ಎರಡು ಚೀಲ ಇಡುತ್ತೇವೆ.

ಹಾಡುವವರ ಜೊತೆಗಿನ ಜಗ್ಗಾಟ ಇನ್ನೂ ಮುಗಿದಿಲ್ಲ. ಆಗಮನ ಕಾಲದ ಭಾನುವಾರಗಳಲ್ಲಿ ಮಹಿಮಾಗೀತೆ (ಪೂಜೆಯ ಸ್ತುತಿಗೀತೆ 'ಗ್ಲೋರಿಯಾ') ಇಲ್ಲ, ಪೀಠದ ಮೇಲೆ ಹೂವೂ ಮಿತವಾಗಿರಬೇಕು. ಯುವಕರಿಗೋ ಡಿಸೆಂಬರ್ 1ಕ್ಕೇ ಕ್ಯಾರೋಲ್ ಶುರುವಾಗಬೇಕು. 2023ರಲ್ಲಿ ಪಂಚಾಂಗವೇ ನಮ್ಮನ್ನು ಗೋಳುಹೊಯ್ದುಕೊಂಡಿತು: ನಾಲ್ಕನೆಯ ಭಾನುವಾರ ಬಿದ್ದದ್ದು ಡಿಸೆಂಬರ್ 24ಕ್ಕೆ. ಬೆಳಿಗ್ಗೆ ಫಾದರ್‌ಗೆ ನೇರಳೆ ಬಟ್ಟೆ, ನಾಲ್ಕನೆಯ ಬತ್ತಿ, ಕಾಯುವಿಕೆಯ ಹಾಡು; ಅದೇ ರಾತ್ರಿ ಬಿಳಿ ಬಟ್ಟೆ, ಗೋದಲಿ, ಗಂಟೆ. ನಡುವೆ ಇದ್ದದ್ದು ಒಂದು ಮಧ್ಯಾಹ್ನ, ಮತ್ತು ನೇವ್ರಿ (ಕರಿಗಡುಬು) ಕರಿಯುವುದು ಬಾಕಿಯಿದ್ದ ಇಪ್ಪತ್ತು ಹೆಂಗಸರು.

ಈಗ ನಾನು ಅಕ್ಟೋಬರ್‌ನಲ್ಲಿ ಮೊದಲು ಕೇಳುವುದು ಕೊನೆಗೌಡನನ್ನು, ಯಾವ ತೋಟ ಯಾವ ವಾರ ಎಂದು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಮೇಲೆ ಫಾದರ್ ಬಳಿ ಹೋಗಿ ದಿನಾಂಕ ಗೊತ್ತುಮಾಡುತ್ತೇನೆ. ಹೋದ ವರ್ಷ ಆ ಯಜಮಾನರು ತಾವೇ ಫೋನ್ ಮಾಡಿ, "ಬಾಯಮ್ಮ, ಬುಧವಾರ ಕೊನೆ ಇಳಿಯುತ್ತದೆ, ನಿಮ್ಮವರಿಗೆ ಹೇಳಿಬಿಡಿ" ಎಂದರು. ಕೆಲಸಕ್ಕೆ ಕರೆದರೋ ಪ್ರಾರ್ಥನೆಗೆ ಕರೆದರೋ, ನಾನು ಕೇಳಲು ಹೋಗಲಿಲ್ಲ.