‘ಟ್ರೆಚರಸ್’ ಎಂಬುದನ್ನು ಕನ್ನಡಕ್ಕೆ ತರುವುದು ಹೇಗೆ

ಸುದ್ದಿಮನೆಯಲ್ಲಿ ಇಂಗ್ಲಿಷ್ ವರದಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಕಳೆದ ಚಳಿಗಾಲದಲ್ಲಿ, ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ‘ಟ್ರೆಚರಸ್ ಐಸ್’ ಎಂಬುದಕ್ಕೆ ‘ದ್ರೋಹಿ ಮಂಜುಗಡ್ಡೆ’ ಎಂದು ಬರೆದು ತಂದಳು. ನಾನು ಅದನ್ನು ಹೊಡೆದು ‘ಅಪಾಯಕಾರಿ’ ಎಂದು ತಿದ್ದಿದೆ. ಮನೆಗೆ ಹೊರಟ ಬಸ್ಸಿನಲ್ಲಿ ಕುಳಿತಾಗ, ನನ್ನ ತಿದ್ದುಪಡಿಯಲ್ಲಿ ‘ನಂಬಿಸಿ ಮೋಸಮಾಡುವ’ ಎಂಬ ಅರ್ಧ ಅರ್ಥ ಸೋರಿಹೋಯಿತಲ್ಲ ಎನಿಸಿತು.

ಮೊದಲು ಉಚ್ಚಾರ: ‘ಟ್ರೀ’ ಅಲ್ಲ, ‘ಟ್ರೆ’.

ಇನ್ನು ಬೇರು. ‘ಟ್ರೀಸನ್’ (ದೇಶದ್ರೋಹ), ‘ಟ್ರೇಟರ್’ (ದ್ರೋಹಿ) ಪದಗಳ ಜೊತೆ ಇದನ್ನೂ ಒಂದೇ ಮನೆಗೆ ಸೇರಿಸಿಬಿಡುತ್ತೇವೆ. ಅವೆರಡೂ ಲ್ಯಾಟಿನ್ನಿನ ‘ಟ್ರಾಡೆರೆ’, ಅಂದರೆ ಒಪ್ಪಿಸಿಕೊಡು ಎಂಬುದರಿಂದ ಬಂದವು. ‘ಟ್ರೆಡಿಷನ್’ ಕೂಡ ಅದೇ ಬೇರಿನದು. ಮುಂದಿನ ತಲೆಮಾರಿಗೆ ಒಪ್ಪಿಸಿದರೆ ಪರಂಪರೆ, ಶತ್ರುವಿಗೆ ಒಪ್ಪಿಸಿದರೆ ದ್ರೋಹ. ‘ಟ್ರೆಚರಸ್’ ಮಾತ್ರ ಹಳೆಯ ಫ್ರೆಂಚಿನಲ್ಲಿ ಮೋಸಮಾಡು ಎಂಬರ್ಥದ ಕ್ರಿಯಾಪದದಿಂದ ಹುಟ್ಟಿದೆ. ಇಸ್ಪೀಟಿನಲ್ಲೋ ಪರೀಕ್ಷೆಯಲ್ಲೋ ಮೋಸ ಮಾಡುವುದಕ್ಕೆ ಫ್ರೆಂಚರು ಇಂದಿಗೂ ‘ಟ್ರಿಶೆ’ ಎನ್ನುತ್ತಾರೆ. ಇಂಗ್ಲಿಷಿನ ‘ಟ್ರಿಕ್’ ಇದರ ಹತ್ತಿರದ ನೆಂಟ.

ಆದ್ದರಿಂದ ಈ ಪದ ಎದುರಾದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾರು ಏನನ್ನು ನಂಬಿದ್ದರು? ಧಗಧಗ ಉರಿಯುವ ಬೆಂಕಿ ಅಪಾಯಕಾರಿ, ಆದರೆ ಟ್ರೆಚರಸ್ ಅಲ್ಲ. ಅದು ಏನನ್ನೂ ಮುಚ್ಚಿಡುವುದಿಲ್ಲ. ಇಂಗ್ಲೆಂಡಿನ ವಾಯವ್ಯ ಕರಾವಳಿಯ ಮೋರ್‌ಕಂಬ್ ಕೊಲ್ಲಿಯನ್ನು ನೋಡಿ. ಇಳಿತದ ಹೊತ್ತಿನಲ್ಲಿ ಅಲ್ಲಿ ಮೈಲಿಗಟ್ಟಲೆ ಮರಳು ತೆರೆದುಕೊಳ್ಳುತ್ತದೆ, ಸಲೀಸಾಗಿ ನಡೆದು ಹೋಗಬಹುದು ಎನ್ನುವಂತೆ. ನಡುನಡುವೆ ಕಾಲು ಹೂತುಹೋಗುವ ಹುದುಲು. ಭರತ ಏರುವಾಗ ನೀರು ಎದುರಿನಿಂದಷ್ಟೇ ಬರುವುದಿಲ್ಲ, ಕಾಲುವೆಗಳಲ್ಲಿ ನುಗ್ಗಿ ಬೆನ್ನ ಹಿಂದಿನಿಂದಲೂ ಸುತ್ತುವರಿಯುತ್ತದೆ. 2004ರ ಫೆಬ್ರುವರಿ 5ರ ರಾತ್ರಿ, ಅಲ್ಲಿ ನಮ್ಮ ಕರಾವಳಿಯ ಮರುವಾಯಿಯಂಥ ಚಿಪ್ಪುಜೀವಿಗಳನ್ನು ಹೆಕ್ಕುತ್ತಿದ್ದ ಕನಿಷ್ಠ 21 ಚೀನೀ ಕೂಲಿಕಾರರು ಮುಳುಗಿ ಸತ್ತರು. ಅವರನ್ನು ಅಲ್ಲಿಗೆ ಇಳಿಸಿದ್ದ ಮೇಸ್ತ್ರಿಗೆ 2006ರಲ್ಲಿ ಜೈಲುಶಿಕ್ಷೆಯಾಯಿತು. ಆ ಮರಳನ್ನು ‘ಟ್ರೆಚರಸ್’ ಎಂದಾಗ ಬರೀ ‘ಅಪಾಯಕಾರಿ’ ಎಂದು ಬರೆಯಲು ನನಗೆ ಮನಸ್ಸೊಪ್ಪುವುದಿಲ್ಲ.

ಮನುಷ್ಯರ ವಿಷಯದಲ್ಲಿ ಕಷ್ಟವಿಲ್ಲ: ‘ವಿಶ್ವಾಸಘಾತುಕ’, ‘ನಂಬಿಕೆದ್ರೋಹಿ’ ಸಾಕು. ವಸ್ತುಗಳಿಗೆ ಒಂದೇ ವಿಶೇಷಣ ಹುಡುಕುತ್ತ ಕೂರಬೇಡಿ, ವಾಕ್ಯವನ್ನು ಬಿಡಿಸಿ. ಮಂಜುಗಡ್ಡೆಯಾದರೆ ‘ಗಟ್ಟಿಯೆಂದು ನಂಬಿ ಕಾಲಿಟ್ಟರೆ ಕುಸಿಯುವ’. ರಸ್ತೆಯಾದರೆ ‘ಬರೀ ಒದ್ದೆಯಂತೆ ಕಂಡರೂ ಗಾಜಿನಂತೆ ಹೆಪ್ಪುಗಟ್ಟಿದ’. ಎರಡು ಪದ ಹೆಚ್ಚಾಗುತ್ತದೆ, ಆಗಲಿ.

ಒಮ್ಮೊಮ್ಮೆ ಇಡೀ ಕೆಲಸವನ್ನು ‘ಕೈಕೊಡು’ ಒಂದೇ ಮಾಡಿಬಿಡುತ್ತದೆ. ಗೆಳೆಯ ಕೈಕೊಡುತ್ತಾನೆ, ಮಳೆಯೂ ಕೈಕೊಡುತ್ತದೆ. ಮನುಷ್ಯ, ಪ್ರಕೃತಿ ಎರಡಕ್ಕೂ ಸಲ್ಲುವ ಮಾತು. ಮೊನ್ನೆ ಅದೇ ಹುಡುಗಿಯ ಪ್ರತಿಯಲ್ಲಿ ವೃದ್ಧರೊಬ್ಬರ ‘ಟ್ರೆಚರಸ್ ಮೆಮರಿ’ ಬಂದಿತ್ತು. ‘ನಂಬಿದ್ದ ನೆನಪೇ ಕೈಕೊಟ್ಟಿತು’ ಎಂದು ಬರೆದಿದ್ದಳು. ಒಂದಕ್ಷರವನ್ನೂ ಮುಟ್ಟದೆ ಅಚ್ಚಿಗೆ ಕಳುಹಿಸಿದೆ.