ಬ್ಯಾಂಕಿನಲ್ಲಿ ದುಡ್ಡು ಸಿಕ್ಕಿಹಾಕಿಕೊಂಡಾಗ ಚಿಪ್ಸ್ ಅಂಗಡಿ ನಡೆಸಿದ್ದು

ಪರ್ಕಳದ ಹತ್ತಿರ ನಮ್ಮದೊಂದು ಸಣ್ಣ ತಿಂಡಿ ಘಟಕ ಇದೆ. ಬಾಳೆಕಾಯಿ ಚಿಪ್ಸ್, ಚಕ್ಕುಲಿ, ಹಲಸಿನ ಕಾಲದಲ್ಲಿ ಹಪ್ಪಳ. ಕೆಲಸಕ್ಕೆ ಐದು ಜನ ಹೆಂಗಸರು, ಜೊತೆಗೆ ನಾನು. ಮುಂದೆ ಒಂದು ಕೌಂಟರ್, ಉಳಿದ ಮಾಲು ಉಡುಪಿ, ಮಣಿಪಾಲದ ಅಂಗಡಿಗಳಿಗೆ ಹೋಗುತ್ತದೆ.

ಒಂದು ಶುಕ್ರವಾರ ಸಂಜೆ ವಾಟ್ಸಾಪಿನಲ್ಲಿ ಸುದ್ದಿ ಬಂತು. ನಾನು ವ್ಯವಹಾರ ಇಟ್ಟುಕೊಂಡಿದ್ದ ಸಹಕಾರಿ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹಾಕಿದೆ, ಒಂದು ರೂಪಾಯಿಯನ್ನೂ ತೆಗೆಯುವ ಹಾಗಿಲ್ಲ. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಸುಳ್ಳು ಸುದ್ದಿ ಇರಬೇಕು ಅಂತ ಮಲಗಿದೆ. ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಎರಡೂ ಹುಟ್ಟಿದ್ದು ಉಡುಪಿಯಲ್ಲಿ, 1928ರಲ್ಲಿ ಮನೆ ಮನೆಗೆ ಬಂದು ಪಿಗ್ಮಿ ಕಟ್ಟಿಸಿಕೊಂಡು ಹೋಗುವುದನ್ನು ಶುರು ಮಾಡಿದ ಊರು, ಇಲ್ಲಿ ಬ್ಯಾಂಕ್ ಮುಳುಗುತ್ತದೆ ಅಂದರೆ ಯಾರಿಗೆ ನಂಬಿಕೆ ಬರುತ್ತದೆ ಹೇಳಿ.

ಶನಿವಾರ ಬೆಳಿಗ್ಗೆ ಶಾಖೆಯ ಮುಂದೆ ಸಾಲು ನೋಡಿದ ಮೇಲೆ ನಂಬಿದೆ.

ಮೊದಲು ನಿಂತದ್ದು ಕ್ಯೂಆರ್ ಕೋಡ್. ಗ್ರಾಹಕರು ಸ್ಕ್ಯಾನ್ ಮಾಡುತ್ತಾರೆ, ಪೇಮೆಂಟ್ ಆಗುವುದಿಲ್ಲ. ಅವತ್ತು ಮಧ್ಯಾಹ್ನ ಗಾಜಿನ ಮೇಲೆ ಅಂಟಿಸಿದ್ದ ಆ ಸ್ಟಿಕ್ಕರಿಗೆ ಒಂದಿಷ್ಟು ತೆಂಗಿನೆಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು, ಹಳೇ ಚಾಕುವಿನಿಂದ ಕೆರೆದು ತೆಗೆದೆ. ಅಂಟು ಮಾತ್ರ ಚೌಕಾಕಾರದಲ್ಲಿ ಹಾಗೇ ಉಳಿಯಿತು, ಈಗಲೂ ಇದೆ. ಇನ್ನೊಂದು ಸರ್ಕಾರಿ ಬ್ಯಾಂಕಿನಲ್ಲಿ ಯಾವಾಗಲೋ ತೆರೆದಿದ್ದ ಉಳಿತಾಯ ಖಾತೆ ಇತ್ತಲ್ಲ, ಅದರಲ್ಲಿ ಹೊಸ ಕ್ಯೂಆರ್ ಮಾಡಿಸಿದೆ. ಆ ಖಾತೆ ಇಲ್ಲದಿದ್ದರೆ ಈ ಕಥೆಯೇ ಬೇರೆ ಆಗುತ್ತಿತ್ತು.

ಆಮೇಲೆ ಎಣ್ಣೆ ಅಂಗಡಿ. ನಾನು ಕೊಟ್ಟಿದ್ದ ಚೆಕ್ ವಾಪಸ್ ಬಂತು. ಅವರು ಜಗಳ ಮಾಡಲಿಲ್ಲ, "ಮಾರಾಯ್ರೆ, ನೀವು ಓಡಿ ಹೋಗುವವರಲ್ಲ ಅಂತ ಗೊತ್ತುಂಟು, ಆದ್ರೆ ನಂಗೂ ಮೇಲೆ ಕೊಡ್ಬೇಕಲ್ಲ" ಅಂದರು. ಅರ್ಧ ಎಣ್ಣೆ ಕಡ, ಅರ್ಧ ನಗದು ಅಂತ ಒಪ್ಪಂದ ಆಯಿತು. ಕೆಲಸದವರಲ್ಲಿ ಹಿರಿಯವಳು ತಾನಾಗಿ ಬಂದು "ಅಕ್ಕ, ಸಂಬಳ ಎರಡು ವಾರ ತಡ ಆದ್ರೂ ಅಡ್ಡಿಲ್ಲ" ಅಂದಳು. ಉಳಿದವರಿಗೆ ಅಡ್ಡಿ ಇತ್ತು, ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಬಳೆ ಅಡವಿಟ್ಟು ಎಲ್ಲರಿಗೂ ಕೊಟ್ಟೆ.

ಈಗ ಸರ್ಕಾರದ ಕಡೆಯಿಂದ ಸಿಕ್ಕಿದ್ದಕ್ಕೆ ಬರುತ್ತೇನೆ. ಠೇವಣಿ ವಿಮೆ ಅಂತ ಒಂದಿದೆ, ಬ್ಯಾಂಕ್ ಕೈಕೊಟ್ಟರೆ ಠೇವಣಿ ಇಟ್ಟವರಿಗೆ ಒಂದು ಮಿತಿಯವರೆಗೆ ದುಡ್ಡು, ಆರ್‌ಬಿಐನ ಅಂಗಸಂಸ್ಥೆ ಡಿಐಸಿಜಿಸಿ ಕೊಡುತ್ತದೆ. 2020ರ ಫೆಬ್ರವರಿವರೆಗೆ ಆ ಮಿತಿ 1 ಲಕ್ಷ ಇತ್ತು, ಆಮೇಲೆ 5 ಲಕ್ಷ ಆಯಿತು. ಮೊದಲು ಬ್ಯಾಂಕ್ ಪೂರ್ತಿ ಮುಚ್ಚುವ ತನಕ ಕಾಯಬೇಕಿತ್ತು. 2021ರ ತಿದ್ದುಪಡಿಯ ನಂತರ ನಿರ್ಬಂಧ ಬಿದ್ದ ದಿನದಿಂದ 90 ದಿನದೊಳಗೆ ಕೊಡಬೇಕು. ಮೊದಲ 45 ದಿನದಲ್ಲಿ ಬ್ಯಾಂಕ್ ಠೇವಣಿದಾರರ ಪಟ್ಟಿ ಕಳಿಸಬೇಕು. ಅದಕ್ಕೆ ನಾವು ಒಪ್ಪಿಗೆ ಪತ್ರ ಕೊಡಬೇಕು, ಬೇರೆ ಬ್ಯಾಂಕಿನ ಖಾತೆ ಸಂಖ್ಯೆ ಮತ್ತು ಕೆವೈಸಿ ಸಮೇತ. ನನ್ನ ಪಕ್ಕದ ಸಾಲಿನಲ್ಲಿದ್ದ ಒಬ್ಬರು ಈ ಪತ್ರ ಕೊಡದೆ "ದುಡ್ಡು ತಾನಾಗಿ ಬರುತ್ತದೆ" ಅಂತ ಕೂತಿದ್ದರು. ಬರುವುದಿಲ್ಲ.

ನಾನು ಏಟು ತಿಂದದ್ದು ಲೆಕ್ಕದಲ್ಲಿ. ಅಂಗಡಿಯ ಕರೆಂಟ್ ಅಕೌಂಟಿನಲ್ಲಿ 3,80,000, ನನ್ನ ಉಳಿತಾಯ ಖಾತೆಯಲ್ಲಿ 90,000, ಒಂದು ಎಫ್‌ಡಿ 2 ಲಕ್ಷ. ಮೂರಕ್ಕೂ ಬೇರೆ ಬೇರೆ ವಿಮೆ ಅಂದುಕೊಂಡಿದ್ದೆ. ನಾನು ಪ್ರೊಪ್ರೈಟರ್ ಅಲ್ವಾ, ಕಾನೂನಿನ ಕಣ್ಣಿಗೆ ಅಂಗಡಿಯೂ ನಾನೇ. ಮೂರೂ ಸೇರಿ 6,70,000, ಅದರಲ್ಲಿ 5 ಲಕ್ಷ ಮಾತ್ರ. ಗಂಡನ ಹೆಸರಿನ ಖಾತೆಗೆ ಬೇರೆ 5 ಲಕ್ಷ, ಪಾಲುದಾರಿಕೆ ಸಂಸ್ಥೆ ಆಗಿದ್ದರೆ ಅದಕ್ಕೂ ಬೇರೆ. ಅದೇ ಬ್ಯಾಂಕಿನಲ್ಲಿ ಸಾಲ ಇದ್ದರೆ ಅದನ್ನೂ ಕಳೆಯಬಹುದು. ಇನ್ನೊಂದು, ನಮ್ಮ ಜಿಲ್ಲೆಯಲ್ಲಿ ಬೀದಿಗೊಂದು ಸೊಸೈಟಿ ಇದೆ. ಸಹಕಾರಿ ಸೊಸೈಟಿಯ ಠೇವಣಿಗೆ ಈ ವಿಮೆಯೇ ಇಲ್ಲ. ಬೋರ್ಡಿನಲ್ಲಿ "ಬ್ಯಾಂಕ್" ಅಂತ ಇದ್ದರೆ ಸಾಲದು, ಆರ್‌ಬಿಐ ಲೈಸೆನ್ಸ್ ಇದೆಯಾ ಇಲ್ವಾ ನೋಡಿ.

ಆದರೆ 90 ದಿನ! ಮನೆಯಲ್ಲಿರುವವರಿಗೆ ಅದು ಮೂರು ತಿಂಗಳು, ವ್ಯಾಪಾರಕ್ಕೆ ಅದು ಮೂರು ಸಂಬಳ, ಮೂರು ಬಾಡಿಗೆ, ಮೂರು ಜಿಎಸ್‌ಟಿ. ತಡವಾದರೆ ಜಿಎಸ್‌ಟಿಗೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ. ಕೋವಿಡ್ ಹೊತ್ತಿನಲ್ಲಿ ಹೀಗಿರಲಿಲ್ಲ. ಆಗ ಇಸಿಎಲ್‌ಜಿಎಸ್ ಅಂತ ಬಂತು, ಬಾಕಿ ಸಾಲದ 20 ಪರ್ಸೆಂಟ್ ಹೆಚ್ಚುವರಿ ಸಾಲ, ಅಡಮಾನ ಇಲ್ಲ, ಗ್ಯಾರಂಟಿ ಸರ್ಕಾರದ್ದು. ಊರಿಗೆಲ್ಲ ಕಷ್ಟ ಬಂದರೆ ಸ್ಕೀಮ್ ಬರುತ್ತದೆ. ಒಂದು ಬ್ಯಾಂಕ್ ಮುಳುಗಿ ಅದರಲ್ಲಿದ್ದ ಅಂಗಡಿಗಳು ಒದ್ದಾಡಿದರೆ, ನಮಗಂತಲೇ ಇದ್ದ ಸ್ಕೀಮ್ ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಎಲ್ಲರಿಗೂ ಇರುವ ಮಾಮೂಲಿ ನಿಯಮಗಳನ್ನೇ ಹೆಕ್ಕಿ ಹೆಕ್ಕಿ ಬಳಸಿದೆ.

ಮೊದಲು ಉದ್ಯಮ್ ನೋಂದಣಿ ಪತ್ರ, ಅಂದರೆ ನಮ್ಮದು ಸಣ್ಣ ಉದ್ಯಮ ಅಂತ ಸರ್ಕಾರ ಕೊಡುವ ಕಾಗದ, ಹುಡುಕಿ ತೆಗೆದೆ. ಅದು ಆನ್‌ಲೈನಿನಲ್ಲಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ. ಅದನ್ನು ಹಿಡಿದು ಸರ್ಕಾರಿ ಬ್ಯಾಂಕಿಗೆ ಹೋಗಿ ಸಣ್ಣ ವ್ಯಾಪಾರಕ್ಕಿರುವ ಮುದ್ರಾ ಯೋಜನೆಯಲ್ಲಿ ಕಿಶೋರ್ ಅನ್ನುವ ಸಾಲ ಕೇಳಿದೆ, 5 ಲಕ್ಷದವರೆಗೆ ಅಡಮಾನ ಬೇಡ. ಮ್ಯಾನೇಜರ್ ಆರು ತಿಂಗಳ ಸ್ಟೇಟ್‌ಮೆಂಟ್ ಕೇಳಿದರು. ಸ್ಟೇಟ್‌ಮೆಂಟ್ ಇದ್ದದ್ದು ಆ ಮುಳುಗಿದ ಬ್ಯಾಂಕಿನಲ್ಲಿ. ಮತ್ತೆ ಅದೇ ಸಾಲಿನಲ್ಲಿ ನಿಂತು ಸೀಲು ಹೊಡೆಸಿ ತಂದೆ, ಜೊತೆಗೆ ಜಿಎಸ್‌ಟಿ ರಿಟರ್ನ್ ಇಟ್ಟೆ. ಐದನೇ ವಾರದಲ್ಲಿ 3 ಲಕ್ಷ ಸಿಕ್ಕಿತು.

ಇನ್ನೊಂದು ದಾರಿ ಬಾಕಿ ವಸೂಲಿ. ಒಂದು ಅಂಗಡಿಯವರು ಎರಡು ತಿಂಗಳಿಂದ ದುಡ್ಡು ಕೊಟ್ಟಿರಲಿಲ್ಲ. ನಮ್ಮಂಥ ಘಟಕಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು ಅಂತ ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾನೂನು ಹೇಳುತ್ತದೆ. ಮೀರಿದರೆ ಆರ್‌ಬಿಐ ಹೇಳುವ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ನಾನು ದೂರು ಕೊಡಲಿಲ್ಲ, ಉದ್ಯಮ್ ಸಂಖ್ಯೆ ಹಾಕಿ ಒಂದು ಕಾಗದ ಬರೆದೆ ಅಷ್ಟೇ. ಆದಾಯ ತೆರಿಗೆಯಲ್ಲಿ 2024ರ ಏಪ್ರಿಲ್‌ನಿಂದ ಇನ್ನೊಂದು ನಿಯಮ ಬಂದಿದೆ, ಈ ಅವಧಿ ಮೀರಿ ವರ್ಷದ ಕೊನೆಗೂ ಬಾಕಿ ಇಟ್ಟರೆ ಆ ವರ್ಷ ಖರ್ಚು ಅಂತ ತೋರಿಸುವ ಹಾಗಿಲ್ಲ. ಅದನ್ನೂ ಬರೆದೆ. ಅವರ ಆಡಿಟರ್ ಹೇಳಿರಬೇಕು, ವಾರದಲ್ಲಿ ದುಡ್ಡು ಬಂತು. ಆಮೇಲೆ ಅವರು ನಮ್ಮಿಂದ ಚಿಪ್ಸ್ ತೆಗೆದುಕೊಳ್ಳುವುದನ್ನೇ ಬಿಟ್ಟರು. ಅದೂ ಲೆಕ್ಕಕ್ಕೆ ಸೇರಬೇಕು.

ವಿಮೆಯ 5 ಲಕ್ಷ ಗಡುವಿನ ಹತ್ತಿರ ಹತ್ತಿರ ಬಂತು. ಮೊದಲು ಬಳೆ ಬಿಡಿಸಿದೆ, ಆಮೇಲೆ ಎಣ್ಣೆಯವರ ಬಾಕಿ ಚುಕ್ತಾ. ಉಳಿದ 1,70,000ಕ್ಕೆ ಇನ್ನೂ ಕಾಯುತ್ತಿದ್ದೇನೆ. ಎಫ್‌ಡಿ ರಸೀದಿ ಕಪಾಟಿನಲ್ಲಿ ಬಳೆಯ ಡಬ್ಬಿಯ ಕೆಳಗೆ ಇದೆ.